ಗೋಡೆ ಬರಹವೆಲ್ಲ ಗಲೀಜೇ? ಬಂಡೆ ಬರಹದಲ್ಲಿ ನಿಧಿಯ ಗುಟ್ಟಿದೆಯೇ? ಚಳ್ಳಕೆರೆ–ಮೊಳಕಾಲ್ಮೂರು ಸುತ್ತುವ ಮುನ್ನ ಇದನ್ನು ಓದಿ

"ಗೋಡೆ ಮೇಲೆ ಬರೆಯುವವರೆಲ್ಲ ಪುಂಡರು." "ಗ್ರಾಫಿಟಿ ಅನ್ನೋದು ವಿದೇಶದಿಂದ ಬಂದ ಹುಚ್ಚು." "ಬೀದಿ ಚಿತ್ರ ನೋಡಬೇಕಾದರೆ ಬೆಂಗಳೂರಿಗೇ ಹೋಗಬೇಕು." "ಬಂಡೆ ಮೇಲೆ ಹಳೇ ಅಕ್ಷರ ಇದ್ದರೆ ಅದರ ಕೆಳಗೆ ನಿಧಿ ಇದ್ದೇ ಇರುತ್ತೆ." ಈ ನಾಲ್ಕರಲ್ಲಿ ಒಂದಾದರೂ ಮಾತು ನಿಮ್ಮ ಕಿವಿಗೋ ಫೋನಿಗೋ ಬಿದ್ದಿರುತ್ತದೆ. ಮೊದಲ ಮೂರನ್ನು ನಂಬಿದರೆ ನಷ್ಟ ನಿಮಗೆ ಮಾತ್ರ: ಕಣ್ಣೆದುರಿಗೆ ಇರುವುದು ಕಾಣದೇ ಹೋಗುತ್ತದೆ. ನಾಲ್ಕನೆಯದನ್ನು ನಂಬಿದವರು ಮಾತ್ರ ಹಾರೆ ಗುದ್ದಲಿ ಹಿಡಿದು ಹೊರಡುತ್ತಾರೆ. ಆಗುವ ನಷ್ಟ ಎಲ್ಲರದು, ಅದನ್ನು ಮತ್ತೆ ತುಂಬಿಕೊಡಲು ಯಾರಿಂದಲೂ ಆಗುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತುಗಳನ್ನು ಒಂದೊಂದಾಗಿ ನೋಡೋಣ. ಇದೇ ಜಾಗ ಏಕೆ ಎಂದರೆ, ನಿನ್ನೆ ಬಳಿದ ಜಾಹೀರಾತಿನಿಂದ ಹಿಡಿದು 2,200 ವರ್ಷಕ್ಕೂ ಹಳೆಯ ಬರಹದವರೆಗೆ, ಬಯಲಲ್ಲಿ ನಿಂತು ದಾರಿಹೋಕರ ಜೊತೆ ಮಾತನಾಡುವ ಅಕ್ಷರಗಳು ಇಲ್ಲಿ ಒಂದೇ ದಿನದ ಸುತ್ತಾಟದಲ್ಲಿ ಸಿಗುತ್ತವೆ.

ಚುಟುಕಾಗಿ ಉತ್ತರ

ಸಮಯ ಇಲ್ಲದವರಿಗೆ ಇಷ್ಟು ಸಾಕು. ಗೋಡೆಯ ಮೇಲೆ ಬರೆಯುವುದು ವಿದೇಶದ ಚಾಳಿಯಲ್ಲ. ನಮ್ಮಲ್ಲೂ ಬಹಳ ಹಳೆಯದು. ಎಲ್ಲ ಗೋಡೆ ಬರಹವೂ ಗಲೀಜಲ್ಲ, ಎಲ್ಲವೂ ಕಲೆಯೂ ಅಲ್ಲ. ಶಾಸನಗಳಲ್ಲಿ ನಿಧಿಯ ನಕ್ಷೆ ಇರುವುದಿಲ್ಲ. ಇನ್ನೊಬ್ಬರ ಬರಹವನ್ನು ಅಳಿಸಿ ಬರೆಯುವ ಬರಹ, ಅದು ಹೃದಯದ ಗುರುತಾಗಲಿ, ಪ್ರೇಮಿಯ ಹೆಸರಾಗಲಿ, ಹಾನಿಯೇ. ಏಕೆ ಎಂಬುದು ಮುಂದಿದೆ.

ಗ್ರಾಫಿಟಿ ಎಂದರೆ ಏನು?

ಇಟಲಿ ಭಾಷೆಯಲ್ಲಿ ಗೀರುವುದಕ್ಕೆ ಬಳಸುವ ಪದದಿಂದ ಬಂದ ಮಾತಿದು. ಅಂದರೆ ಮೂಲದಲ್ಲಿ ಗ್ರಾಫಿಟಿ ಎಂದರೆ ಗೀಚು ಬರಹ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೈ ನಗರದ ಗೋಡೆಗಳಲ್ಲಿ ಇಂಥ ಬರಹ ಸಾವಿರಾರು ಸಿಕ್ಕಿವೆ: ಪ್ರೀತಿ, ಬೈಗುಳ, ಚುನಾವಣೆಯ ಪ್ರಚಾರ ಎಲ್ಲವೂ. ಇಂದು ಈ ಪದವನ್ನು ಹೆಚ್ಚಾಗಿ ಸ್ಪ್ರೇ ಬಣ್ಣದಲ್ಲಿ ಬರೆದ ಹೆಸರು, ಗುರುತುಗಳಿಗೆ ಬಳಸುತ್ತಾರೆ. ಗೋಡೆ ತುಂಬ ಬಿಡಿಸಿದ ದೊಡ್ಡ ಚಿತ್ರಕ್ಕೆ ಮ್ಯೂರಲ್ ಅಥವಾ ಭಿತ್ತಿಚಿತ್ರ ಎನ್ನುತ್ತಾರೆ. ರಸ್ತೆಯಲ್ಲಿ ಹೋಗುವ ಜನರಿಗಾಗಿಯೇ ಮಾಡಿದ ಕಲೆಯನ್ನೆಲ್ಲ ಸೇರಿಸಿ ಬೀದಿ ಕಲೆ ಎನ್ನಬಹುದು.

ಪುರಾತತ್ವ ತಜ್ಞರೂ ಈ ಪದವನ್ನು ಬಳಸುತ್ತಾರೆ, ಆದರೆ ಬೇರೆ ಅರ್ಥದಲ್ಲಿ. ಹಳೆಯ ಮಡಕೆಗಳ ಮೇಲೆ ಗೀರಿದ ಗುರುತುಗಳಿಗೂ ಅವರು ಗ್ರಾಫಿಟಿ ಎಂದೇ ಹೇಳುತ್ತಾರೆ. ಅಂಥ ಗುರುತುಗಳಿರುವ ಮಡಕೆಗಳು ಸಿಕ್ಕ ಪ್ರಸಿದ್ಧ ಜಾಗಗಳಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೂ ಒಂದು. ಅಲ್ಲಿಗೆ ಆಮೇಲೆ ಹೋಗೋಣ. ಮೊದಲು ಪೇಟೆ.

ನಂಬಿಕೆ 1: ಬೀದಿ ಚಿತ್ರ ಇರುವುದು ದೊಡ್ಡ ನಗರಗಳಲ್ಲಿ ಮಾತ್ರ

ಬೆಂಗಳೂರಿನ ಬೀದಿ ಚಿತ್ರಗಳು ಸುದ್ದಿಯಾಗುತ್ತವೆ, ನಿಜ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ನೀರು ತುಂಬಿದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟಿದ್ದು, 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿ ಚಂದ್ರನ ಮೇಲೆ ನಡೆದಂತೆ ನಡೆಸಿದ ವಿಡಿಯೊ ಮಾಡಿದ್ದು ದೇಶವಿಡೀ ಹರಿದಾಡಿತು. ಬೀದಿ ಕಲೆ ಬರೀ ಅಲಂಕಾರವಲ್ಲ, ಅರ್ಜಿಯೂ ಆಗಬಲ್ಲದು ಎಂಬುದಕ್ಕೆ ಇವು ಒಳ್ಳೆಯ ಉದಾಹರಣೆ.

ಆದರೆ ಸಣ್ಣ ಊರಿನ ಗೋಡೆಗಳೂ ಮೂಕವಲ್ಲ. ಶೇಂಗಾ, ಎಣ್ಣೆ ಗಿರಣಿ, ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ನಡೆಯುತ್ತಾ ಹೋಗಿ. ಅಂಗಡಿ, ಗಿರಣಿಗಳ ಹೆಸರನ್ನು ಬ್ರಷ್ ಹಿಡಿದು ಕೈಯಲ್ಲೇ ಬರೆದಿದ್ದರೆ ಒಂದು ನಿಮಿಷ ನಿಂತು ನೋಡಿ. 'ಳ', 'ಕ್ಷ', 'ತ್ರ'ದಂಥ ಅಕ್ಷರಗಳ ಬಳುಕಿನಲ್ಲಿ ಬರೆದವರ ಕೈ ಗುರುತು ಸಿಗುತ್ತದೆ. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಈ ಕಸುಬು ಕುಗ್ಗುತ್ತಿದೆ. ಇಂದು ನೀವು ಫೋಟೊ ತೆಗೆದ ಫಲಕ ಮುಂದಿನ ವರ್ಷ ಅಲ್ಲಿ ಇಲ್ಲದಿರಬಹುದು.

ಲಾರಿ, ಆಟೊಗಳ ಬೆನ್ನು ನೋಡಿ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಹೆಸರಿನಲ್ಲಿ ಜನಜನಿತವಾದ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಈ ಸೀಮೆಯ ವಾಹನಗಳ ಮೇಲೆ ಕಂಡರೆ ಅದೂ ಬೀದಿ ಬರಹವೇ. ಚಕ್ರದ ಮೇಲೆ ಊರೂರು ತಿರುಗುವ ಗೋಡೆ ಎನ್ನಿ. ಸರ್ಕಾರಿ ಶಾಲೆಯ ಗೋಡೆಯ ಮೇಲಿನ ನಕ್ಷೆ, ಅಂಗನವಾಡಿಯ ಹಣ್ಣು ತರಕಾರಿಯ ಚಿತ್ರ, ಊರ ಹೊರಗಿನ ಮನೆಗಳ ಮೇಲಿನ ಸಿಮೆಂಟು, ಬಿತ್ತನೆ ಬೀಜದ ಜಾಹೀರಾತು, ಎಲ್ಲವೂ ಇದೇ ಸಾಲಿನವು.

ಒಂದು ಬಗೆಯ ಗೋಡೆ ಬರಹವನ್ನು ಮಾತ್ರ ಚಂದಕ್ಕಲ್ಲ, ಲೆಕ್ಕಕ್ಕಾಗಿ ಓದಬೇಕು. ಗ್ರಾಮ ಪಂಚಾಯಿತಿ ಕಟ್ಟಡಗಳ ಮೇಲೆ ಉದ್ಯೋಗ ಖಾತ್ರಿ ಕಾಮಗಾರಿಗಳ ವಿವರ ಬರೆಸುವ ಪದ್ಧತಿ ಬಂದದ್ದು ಜನರೇ ಲೆಕ್ಕ ನೋಡಲಿ ಎಂದು. ಯಾವ ಕೆಲಸ, ಎಷ್ಟು ಖರ್ಚು ಎಂದು ಬರೆದಿದ್ದರೆ ಅದನ್ನು ಓದುವುದು ನಿಮ್ಮ ಹಕ್ಕು.

ನಂಬಿಕೆ 2: 'ನಾಳೆ ಬಾ' ಎಂದು ಬರೆದ ಮನೆಗಳಿಗೆ ದೆವ್ವ ಬರಲಿಲ್ಲ

ಗೋಡೆ ಬರಹ ಮತ್ತು ವದಂತಿ ಎರಡೂ ಕೂಡಿದ ಕಥೆ ನಮ್ಮ ರಾಜ್ಯದ್ದೇ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆ ಬಾಗಿಲ ಮೇಲೆ, ಗೋಡೆಯ ಮೇಲೆ 'ನಾಳೆ ಬಾ' ಎಂಬ ಎರಡು ಪದ ಕಾಣಿಸಿಕೊಂಡವು. ರಾತ್ರಿ ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದೆ, ತೆರೆದವರು ಸಾಯುತ್ತಾರೆ, 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ ಓದಿ ಮತ್ತೆ ಹಿಂದಿರುಗುತ್ತದೆ ಎಂಬ ಸುದ್ದಿ ಹಬ್ಬಿತ್ತು.

ಆಗ ವಾಟ್ಸಾಪ್ ಇರಲಿಲ್ಲ. ಹಾಗಾದರೆ ಹೇಗೆ ಹಬ್ಬಿತು? ಬಾಯಿಂದ ಬಾಯಿಗೆ ಹೋಯಿತು, ಜೊತೆಗೆ ಗೋಡೆಯೇ ಫಾರ್ವರ್ಡ್ ಆಯಿತು. ಪಕ್ಕದ ಮನೆಯ ಬಾಗಿಲಲ್ಲಿ ಬರಹ ಕಂಡವರು 'ನಮಗೇಕೆ ಬೇಕು ಅಪಾಯ' ಎಂದು ತಾವೂ ಬರೆದರು. ಅದನ್ನು ನೋಡಿ ಇಡೀ ಬೀದಿ ಬರೆಯಿತು.

ಬರೆದವರ ಮನೆಗೆ ದೆವ್ವ ಬರಲಿಲ್ಲ ಎಂಬುದು ನಿಜ. ಬರೆಯದವರ ಮನೆಗೂ ಬರಲಿಲ್ಲ. ಆದರೆ ಬರೆದವರು ಬೆಳಿಗ್ಗೆ ಎದ್ದು 'ನೋಡಿ, ಕೆಲಸ ಮಾಡಿತು' ಎಂದುಕೊಂಡರು. ಬರೆಯದೇ ಸುಖವಾಗಿದ್ದ ಮನೆಗಳನ್ನು ಯಾರೂ ಎಣಿಸಲಿಲ್ಲ. ನಮಗೆ ಬೇಕಾದ ಸಾಕ್ಷಿಯನ್ನಷ್ಟೇ ಎಣಿಸುವ ಈ ಚಾಳಿ ಮನೆಮದ್ದಿನ ಫಾರ್ವರ್ಡ್‌ನಿಂದ ನಿಧಿಯ ಫಾರ್ವರ್ಡ್‌ವರೆಗೆ ಎಲ್ಲ ಕಡೆ ಕೆಲಸ ಮಾಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಂಬಿಕೆ 3: ಬಯಲಲ್ಲಿ ಬರೆಯುವುದು, ಸಹಿ ಹಾಕುವುದು ಹೊಸ ಕಾಲದ ಖಯಾಲಿ

ಈಗ ಮೊಳಕಾಲ್ಮೂರಿಗೆ ಬರೋಣ. ರೇಷ್ಮೆ ಸೀರೆಯಿಂದ ಹೆಸರಾದ ಈ ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ ಎಂಬ ಮೂರು ಜಾಗಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಬಂಡೆ ಶಾಸನಗಳಿವೆ. ಸಿದ್ದಾಪುರವನ್ನು ಜನ ಅಶೋಕ ಸಿದ್ದಾಪುರ ಎಂದೇ ಕರೆಯುತ್ತಾರೆ. ಇವು ಕ್ರಿ.ಪೂ. 3ನೇ ಶತಮಾನದವು. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಗುರುತಿಸಿ ವಿದ್ವತ್ ಲೋಕಕ್ಕೆ ತಿಳಿಸಿದರು.

ಶಾಸನ ಶುರುವಾಗುವುದು ಸರ್ಕಾರಿ ಪತ್ರದ ಧಾಟಿಯಲ್ಲಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಆಜ್ಞೆ ತಿಳಿಸುತ್ತಾರೆ. ಈ ಇಸಿಲ ಎಂದರೆ ಬ್ರಹ್ಮಗಿರಿಯ ಬಳಿಯಿದ್ದ ಪಟ್ಟಣ ಎಂದು ತಿಳಿಯಲಾಗಿದೆ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದರೂ ಮೊದಲು ಅಷ್ಟಾಗಿ ಶ್ರಮಿಸಲಿಲ್ಲ ಎಂದು ರಾಜನೇ ಹೇಳಿಕೊಳ್ಳುತ್ತಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಮೇಲೇರಬಹುದು ಎನ್ನುತ್ತಾನೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತುಗಳೂ ಇವೆ.

ಕೊನೆಯಲ್ಲಿ ಒಂದು ಸಹಿ ಇದೆ. ಇದನ್ನು ಬರೆದವನು ಚಪಡ ಎಂಬ ಲಿಪಿಕಾರ. ಇಡೀ ಶಾಸನ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿ ಲಿಪಿಯಲ್ಲಿದ್ದರೆ, 'ಲಿಪಿಕಾರ' ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಆಗ ಬಳಕೆಯಲ್ಲಿದ್ದದ್ದು ಇಲ್ಲಿಂದ ಬಹುದೂರದ ಗಾಂಧಾರದ ಕಡೆ. ಅವನು ಆ ಕಡೆಯವನೋ, ಆ ಕಡೆ ಕಲಿತವನೋ ಇರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ರಾಜನ ಆಜ್ಞೆಯ ಕೊನೆಗೆ ಒಬ್ಬ ನೌಕರ ತನಗೆ ಎರಡು ಲಿಪಿ ಬರುತ್ತದೆ ಎಂದು ಊರವರಿಗೆ ತೋರಿಸಿಕೊಂಡಂತಿದೆ. ಗೋಡೆ ಚಿತ್ರದ ಮೂಲೆಯಲ್ಲಿ ಇಂದಿನ ಕಲಾವಿದ ಹಾಕುವ ಸಹಿಗೆ ಇಷ್ಟು ಹಳೆಯ ಅಣ್ಣ ಮೊಳಕಾಲ್ಮೂರಿನಲ್ಲೇ ಇದ್ದಾನೆ.

ಒಂದು ವ್ಯತ್ಯಾಸ ನೆನಪಿರಲಿ. ಇದು ಕದ್ದು ಮುಚ್ಚಿ ಗೀಚಿದ್ದಲ್ಲ, ಸರ್ಕಾರವೇ ಬರೆಸಿದ ಪ್ರಕಟಣೆ. ಹಾಗಾಗಿ ಶಾಸನವನ್ನು ಗ್ರಾಫಿಟಿ ಎಂದು ಕರೆಯುವುದು ಸರಿಯಲ್ಲ. ಆದರೆ ದಾರಿಯಲ್ಲಿ ಹೋಗುವವರು ನೋಡಲಿ, ಬಹುಕಾಲ ಉಳಿಯಲಿ ಎಂಬ ಆಸೆ ಎರಡರಲ್ಲೂ ಒಂದೇ.

ನಂಬಿಕೆ 4: ಅಶೋಕನ ಶಾಸನ ಕನ್ನಡದಲ್ಲಿದೆ, ಮಡಕೆಯ ಗುರುತುಗಳು ಕನ್ನಡದ ಮೊದಲ ಅಕ್ಷರಗಳು

ಹೆಮ್ಮೆಯ ಫಾರ್ವರ್ಡ್‌ಗಳಲ್ಲಿ ಇಂಥ ಮಾತು ಸುಲಭವಾಗಿ ನುಸುಳುತ್ತದೆ. ವಾಸ್ತವ ಹೀಗಿದೆ: ಈ ಶಾಸನಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕನ್ನಡ ಲಿಪಿ ಬ್ರಾಹ್ಮಿಯಿಂದಲೇ ಬೆಳೆದು ಬಂದದ್ದು, ಆ ನಂಟು ನಿಜ. 'ಇಸಿಲ' ಎಂಬ ಊರ ಹೆಸರು ಕನ್ನಡ ಮೂಲದ್ದು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಒಂದು ಪದ ಕನ್ನಡದ್ದು ಇರಬಹುದು ಎನ್ನುವುದಕ್ಕೂ ಇಡೀ ಶಾಸನ ಕನ್ನಡದ್ದು ಎನ್ನುವುದಕ್ಕೂ ಬಹಳ ಅಂತರವಿದೆ. ಕನ್ನಡದಲ್ಲೇ ಬರೆದ ಹಳೆಯ ಶಾಸನ ಎಂದರೆ ಹಾಸನ ಜಿಲ್ಲೆಯ ಹಲ್ಮಿಡಿಯದು ಎಂದು ಶಾಲೆಯಲ್ಲಿ ಓದಿರುತ್ತೀರಿ. ಅದರ ಕಾಲ ಸುಮಾರು ಕ್ರಿ.ಶ. 450.

ಬ್ರಹ್ಮಗಿರಿಯಲ್ಲಿ ಎಂ.ಎಚ್. ಕೃಷ್ಣ ಅವರ ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಕಲ್ಲಿನ ಕೊಡಲಿಯ ಕಾಲ, ಬೃಹತ್ ಶಿಲಾಸಮಾಧಿಗಳ ಕಾಲ, ಆಮೇಲಿನ ಆಂಧ್ರ ಕಾಲ ಹೀಗೆ ಜನವಸತಿಯ ಪದರಗಳು ಒಂದರ ಮೇಲೊಂದು ಸಿಕ್ಕವು. ಶಿಲಾಸಮಾಧಿ ಕಾಲದ ಮಡಕೆಗಳ ಮೇಲೆ ಗೀರಿದ ಗುರುತುಗಳಿವೆ ಎಂದೆವಲ್ಲ, ಅವನ್ನು ಇಂದಿನವರೆಗೆ ಎಲ್ಲರೂ ಒಪ್ಪುವಂತೆ ಯಾರೂ ಓದಿಲ್ಲ. ಕುಂಬಾರರ ಗುರುತೋ, ಮನೆತನದ ಗುರುತೋ, ಬೇರೇನೋ ಎಂಬ ಚರ್ಚೆ ನಡೆದೇ ಇದೆ. 'ಕೊನೆಗೂ ಓದಿಬಿಟ್ಟರು' ಎಂಬ ಸಂದೇಶ ಬಂದರೆ ನಂಬುವ ಮುನ್ನ ತಡೆಯಿರಿ.

ನಂಬಿಕೆ 5: ಶಾಸನ ಇರುವ ಕಡೆ ನಿಧಿ ಇರುತ್ತದೆ

ಈ ಲೇಖನದಲ್ಲಿ ಒಂದೇ ಭಾಗ ಹಂಚಿಕೊಳ್ಳುವುದಾದರೆ ಇದನ್ನೇ ಹಂಚಿಕೊಳ್ಳಿ. ಹಳೆಯ ಗುಡಿ, ವೀರಗಲ್ಲು, ಶಾಸನದ ಬುಡ ಅಗೆದವರ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕಲ್ಲಿನ ಮೇಲಿನ ಸೂರ್ಯ, ಚಂದ್ರ, ಹಸು, ಕರು, ಖಡ್ಗದ ಚಿತ್ರಗಳನ್ನು ನಿಧಿಯ ಸಂಕೇತ ಎಂದು ವಿವರಿಸುವವರೂ ಇದ್ದಾರೆ. ಅವುಗಳ ನಿಜವಾದ ಅರ್ಥ ಗೊತ್ತಿದ್ದರೆ ಮೋಸ ಹೋಗುವ ಪ್ರಮೇಯವೇ ಬರುವುದಿಲ್ಲ.

ಸೂರ್ಯ ಚಂದ್ರರ ಚಿತ್ರ: ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬ ಹಾರೈಕೆ. ಹಸು ಕರು, ಖಡ್ಗ, ಲಿಂಗ: ದಾನ ಕೊಟ್ಟವರ, ಪಡೆದವರ, ಧರ್ಮದ ಗುರುತುಗಳು. ಕೊನೆಯಲ್ಲಿ ಬರುವ ಶಾಪದ ಮಾತು: ಈ ದಾನವನ್ನು ಕಿತ್ತುಕೊಂಡವರಿಗೆ ಗೋಹತ್ಯೆಯ ಪಾಪ ಬರಲಿ ಎನ್ನುವ ಎಚ್ಚರಿಕೆ. ಅದು ಭೂಮಿಯ ಹಕ್ಕಿನ ರಕ್ಷಣೆಗೇ ಹೊರತು ಯಾವುದೋ ಭಂಡಾರಕ್ಕೆ ಹಾಕಿದ ದಿಗ್ಬಂಧನವಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವ ದೃಶ್ಯ. ದನ ಕಾಯಲು, ಊರು ಕಾಯಲು ಹೋಗಿ ಸತ್ತವರ ನೆನಪಿಗೆ ಊರವರು ನೆಟ್ಟ ಕಲ್ಲು ಅದು. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಸತ್ತ ಹೆಣ್ಣಿನ ನೆನಪು. ಇವುಗಳ ಬುಡದಲ್ಲಿ ಚಿನ್ನ ಹುಡುಕುವುದೆಂದರೆ ಯಾರದೋ ಸಮಾಧಿಯನ್ನು ಕೆದಕಿದಂತೆ.

ಇನ್ನು ಶಾಸನದ ಒಳಗೆ ಏನಿರುತ್ತದೆ? ಭೂಮಿ ದಾನ, ಕೆರೆ ಕಟ್ಟಿಸಿದ್ದು, ಗುಡಿಗೆ ದೀಪದ ಎಣ್ಣೆ, ತೆರಿಗೆ ವಿನಾಯಿತಿ, ಯುದ್ಧದ ಸಾವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನ ಹೇಳುವುದು ಕೆರೆಯ ವಿಷಯ. ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದನ್ನು ವಿದ್ವಾಂಸರು ಸಾಮಾನ್ಯವಾಗಿ ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಅರ್ಥೈಸಿದ್ದಾರೆ. ಯಾವ ಕೊಪ್ಪರಿಗೆಯ ಲೆಕ್ಕವೂ ಅಲ್ಲ. ಸ್ವಲ್ಪ ಯೋಚಿಸಿ: ಎಲ್ಲರೂ ಓದಲಿ ಎಂದು ಬಯಲ ಬಂಡೆಗೆ ಬರೆಸುವವನು ಬಚ್ಚಿಟ್ಟ ಹಣದ ಜಾಗವನ್ನು ಅಲ್ಲಿ ಬರೆಸುತ್ತಾನೆಯೇ?

'ಹಾಗಾದರೆ ಅಲ್ಲಿ ಇಲ್ಲಿ ನಿಧಿ ಸಿಕ್ಕ ಸುದ್ದಿ ಬರುತ್ತದಲ್ಲ?' ಎಂದು ಕೇಳಬಹುದು. 'ನಾಳೆ ಬಾ' ಲೆಕ್ಕ ಇಲ್ಲಿ ಹಾಕಿ. ಹೊಲ ಉಳುವಾಗ, ಪಾಯ ತೆಗೆಯುವಾಗ ಎಲ್ಲೋ ಒಮ್ಮೆ ನಾಣ್ಯ ಸಿಕ್ಕರೆ ಸುದ್ದಿಯಾಗುತ್ತದೆ. ಅಗೆದು ಏನೂ ಸಿಗದ ಗುಂಡಿಗಳನ್ನು ಯಾರೂ ಎಣಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ? ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಬಚ್ಚಿಟ್ಟುಕೊಂಡರೆ ಅಪರಾಧ. ನಿಧಿಯ ಆಸೆಗೆ ನಡೆಸುವ ಅಮಾನುಷ ಮಾಟ ಮಂತ್ರಗಳು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಮೊಳಕಾಲ್ಮೂರಿನ ಅಶೋಕ ಶಾಸನಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 1958ರ ಸ್ಮಾರಕ ಕಾಯಿದೆ, 2010ರ ತಿದ್ದುಪಡಿಯ ನಂತರ, ಇಂಥ ಸ್ಮಾರಕವನ್ನು ಕೆಡಿಸಿದವರಿಗೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಯಾರಾದರೂ ಅಗೆಯುತ್ತಿರುವುದು ಕಂಡರೆ ನೀವೇ ಎದುರು ಹೋಗಬೇಡಿ, 112ಕ್ಕೆ ಕರೆ ಮಾಡಿ.

'ಹಿಂದಿನವರೂ ಹೆಸರು ಕೆತ್ತಿದ್ದರಲ್ಲ, ನಾವು ಕೆತ್ತಿದರೆ ತಪ್ಪೇನು?'

ಇದು ನ್ಯಾಯವಾದ ಪ್ರಶ್ನೆ, ಗದರಿಸಿ ತಳ್ಳಿಹಾಕುವಂಥದ್ದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಯಾತ್ರೆಗೆ ಬಂದವರ ಹೆಸರುಗಳಿವೆ, ಅವನ್ನು ಇಂದು ಶಾಸನವೆಂದು ಓದುತ್ತೇವೆ. ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮ, ದಾಸೋಜರಂಥ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಬರೆದಿದ್ದಾರೆ. ಹಾಗಾದರೆ ಇಂದಿನ ಪ್ರೇಮಿಗಳ ಹೆಸರು ಮಾತ್ರ ಏಕೆ ಗಲೀಜು?

ಹಳೆಯದೆಲ್ಲ ಪವಿತ್ರ, ಹೊಸದೆಲ್ಲ ಕೊಳಕು ಎಂಬುದು ಉತ್ತರವಲ್ಲ. ನೋಡಬೇಕಾದ್ದು ಮೂರು ಸಂಗತಿ. ಆ ಮೈ ಯಾರದು? ಅದರ ಮೇಲೆ ಈಗಾಗಲೇ ಏನಿದೆ? ಬರೆದದ್ದನ್ನು ಮತ್ತೆ ಅಳಿಸಲು ಬರುತ್ತದೆಯೇ? ಶಿಲ್ಪಿ ಸಹಿ ಹಾಕಿದ್ದು ತಾನೇ ಮಾಡಿದ ಕೆಲಸದ ಮೇಲೆ. ಲಿಪಿಕಾರ ಚಪಡ ಹೆಸರು ಬರೆದದ್ದು ತಾನೇ ಬರೆದ ಬರಹದ ಕೊನೆಗೆ. ಅನುಮತಿ ಪಡೆದು ಖಾಲಿ ಗೋಡೆಗೆ ಬಳಿದ ಚಿತ್ರವನ್ನು ನಾಳೆ ಬೇಡವೆಂದರೆ ಸುಣ್ಣ ಹೊಡೆದು ಮುಚ್ಚಬಹುದು. ಶಾಸನದ ಪಕ್ಕ ಮೊಳೆಯಿಂದ ಕೊರೆದ ಹೆಸರು ಮೂರಕ್ಕೆ ಮೂರೂ ಪ್ರಶ್ನೆಯಲ್ಲಿ ಸೋಲುತ್ತದೆ: ಬಂಡೆ ನಮ್ಮದಲ್ಲ, ಅಲ್ಲಿ ಬೇರೊಬ್ಬರ ಮಾತಿದೆ, ಕೊರೆದದ್ದನ್ನು ಹಿಂದಕ್ಕೆ ತರಲಾಗದು.

ಸಣ್ಣ ಗೀರಿನಿಂದ ಅಷ್ಟು ಹಾನಿಯೇ?

ಬಂಡೆಯ ಹೊರಮೈ ಗಾಳಿ, ಬಿಸಿಲು, ಮಳೆಗೆ ಸಾವಿರಾರು ವರ್ಷ ಸಿಕ್ಕಿ ಬಣ್ಣ ತಿರುಗಿರುತ್ತದೆ. ಹೊಸದಾಗಿ ಗೀರಿದರೆ ಒಳಗಿನ ತಿಳಿ ಬಣ್ಣ ಹೊರಬಂದು, ಕಣ್ಣಿಗೆ ಮೊದಲು ಬೀಳುವುದು ಆ ಗೀರೇ ಆಗುತ್ತದೆ. ಹಳೆಯ ಅಕ್ಷರವೆಂದರೆ ಕಲ್ಲಿನಲ್ಲಿರುವ ತೆಳುವಾದ ತಗ್ಗು ಅಷ್ಟೇ. ಅದರ ಅಂಚು ಸವೆದರೆ 'ಕ' ಯಾವುದು 'ರ' ಯಾವುದು ಎಂಬುದೇ ಕಳೆದುಹೋಗುತ್ತದೆ. ಮೊಳಕಾಲ್ಮೂರಿನ ಮೂರರಲ್ಲಿ ಜಟಿಂಗ ರಾಮೇಶ್ವರದ ಶಾಸನ ಈಗಾಗಲೇ ತೀರಾ ಸವೆದಿದೆ. ಅದರ ಮೇಲೆ ಇನ್ನೊಂದು ಗೀರು ಹೊರುವ ಶಕ್ತಿ ಉಳಿದಿಲ್ಲ.

ಒಳ್ಳೆಯ ಮನಸ್ಸಿನಿಂದ ಆಗುವ ಹಾನಿಯೂ ಇದೆ. ಫೋಟೊ ಚೆನ್ನಾಗಿ ಬರಲಿ ಎಂದು ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದು, ನೀರು ಹಾಕಿ ಉಜ್ಜುವುದು, ಪೂಜೆಯೆಂದು ಎಣ್ಣೆ, ಕುಂಕುಮ ಹಚ್ಚುವುದು. ಸೀಮೆಸುಣ್ಣ ತೆಗೆಯಲು ಉಜ್ಜಿದಾಗ ಕಲ್ಲಿನ ಕಣಗಳೂ ಜೊತೆಗೆ ಉದುರುತ್ತವೆ. ಎಣ್ಣೆ ದೂಳನ್ನು ಹಿಡಿದಿಟ್ಟು ಜಿಡ್ಡಿನ ಪದರ ಕಟ್ಟುತ್ತದೆ. ಅದರಡಿ ಅಕ್ಷರ ಮುಚ್ಚಿಹೋಗುತ್ತದೆ.

ಮುಟ್ಟದೇ ಓದುವುದು, ಫೋಟೊ ತೆಗೆಯುವುದು ಹೇಗೆ?

ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ತಗ್ಗಿನಲ್ಲಿ ನೆರಳು ನಿಂತು ಅಕ್ಷರ ತಾನೇ ಎದ್ದು ಕಾಣುತ್ತದೆ. ನಡು ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಅದೇ ಕಲ್ಲು ಬೋಳಾಗಿ ಕಾಣಬಹುದು. ನೆರಳಿನ ಜಾಗವಾದರೆ ಇನ್ನೊಂದು ಫೋನಿನ ಟಾರ್ಚನ್ನು ಎದುರಿಂದಲ್ಲ, ಪಕ್ಕದಿಂದ ಹಿಡಿಯಿರಿ. ಒಂದು ಫೋಟೊ ಇಡೀ ಬಂಡೆಯದು, ಒಂದು ಹತ್ತಿರದ್ದು, ಅಳತೆ ತಿಳಿಯಲು ಪಕ್ಕದಲ್ಲಿ, ಬಂಡೆಗೆ ತಾಗದಂತೆ, ಒಂದು ಪೆನ್ನು ಹಿಡಿದು ಇನ್ನೊಂದು. ತಜ್ಞರು ಮಾಡುವುದೂ ಇದನ್ನೇ, ಯಂತ್ರ ದೊಡ್ಡದು ಅಷ್ಟೇ: ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುವ ಯೋಜನೆ ನಡೆಸುತ್ತಿದೆ.

ಪೇಟೆಯ ಗೋಡೆ ಬರಹಕ್ಕೂ ಇದೇ ಶಿಸ್ತು. ಇಡೀ ಗೋಡೆ, ಹತ್ತಿರದ ನೋಟ, ಮೂಲೆಯಲ್ಲಿ ಕಲಾವಿದರ ಹೆಸರಿದ್ದರೆ ಅದು. ಹಂಚಿಕೊಳ್ಳುವಾಗ ಆ ಹೆಸರನ್ನು ಕತ್ತರಿಸಬೇಡಿ. ಮನೆಯ ಗೋಡೆಯಾದರೆ ಮನೆಯವರನ್ನು ಒಂದು ಮಾತು ಕೇಳಿ. ಎಷ್ಟೋ ಸಲ ಚಿತ್ರಕ್ಕಿಂತ ಒಳ್ಳೆಯ ಕಥೆ ಅವರ ಬಾಯಲ್ಲಿ ಸಿಗುತ್ತದೆ.

ನಮ್ಮೂರ ಗೋಡೆಗೂ ಬಣ್ಣ ಹಚ್ಚಬೇಕೆಂದರೆ

ಹಚ್ಚಿ, ಆದರೆ ಕೇಳಿ ಹಚ್ಚಿ. ಸಾರ್ವಜನಿಕ ಜಾಗಗಳನ್ನು ಅನುಮತಿ ಇಲ್ಲದೆ ವಿರೂಪಗೊಳಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾಯಿದೆ ಇದೆ. ಶಾಲೆಯಾದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ, ಪಂಚಾಯಿತಿ ಗೋಡೆಯಾದರೆ ಪಿಡಿಒ, ಖಾಸಗಿ ಗೋಡೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಹಳೆಯ ಕಟ್ಟಡ, ಕೋಟೆ, ಗುಡಿ, ಬಂಡೆಗಳನ್ನು ಬಿಟ್ಟುಬಿಡಿ.

ಮಕ್ಕಳಿರುವ ಜಾಗವಾದರೆ ಬಣ್ಣದ ಡಬ್ಬಿ ಓದಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು. ಮನೆ ಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆ ಮಾಹಿತಿ ಇಲ್ಲದ ಬಿಡಿ ಬಣ್ಣ ಬೇಡ. ಹಳೆಯ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿ ದೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ. ಸ್ಪ್ರೇ ಬಳಸುವಾಗ ಬಯಲಲ್ಲಿರಿ, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ.

ಕೊನೆಯ ಮಾತು

ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಲ್ಲಿ. ಅದಕ್ಕೂ ಮುಂಚೆ ಬಹಳ ಶತಮಾನ ಆ ಲಿಪಿಯನ್ನು ಓದಬಲ್ಲವರೇ ಇರಲಿಲ್ಲ. ಆದರೂ ಬ್ರಹ್ಮಗಿರಿಯ ಬಂಡೆಯನ್ನು ಊರವರು 'ಅಕ್ಷರಗುಂಡು' ಎಂದೇ ಕರೆಯುತ್ತಿದ್ದರು. ಇದು ಅಕ್ಷರ, ಯಾರೋ ಏನೋ ಹೇಳಿದ್ದಾರೆ ಎಂಬಷ್ಟು ಅವರಿಗೆ ಗೊತ್ತಿತ್ತು. ದನ ಮೇಯಿಸುವವರು, ಹೊಲಕ್ಕೆ ಹೋಗುವವರು ಅದರ ಪಕ್ಕದಲ್ಲೇ ಹಾದುಹೋದರು. ಅಕ್ಷರ ಉಳಿಯಿತು. ಓದಲು ಬಾರದವರು ಉಳಿಸಿಕೊಟ್ಟದ್ದನ್ನು, ಫೋನಿನಲ್ಲೇ ಅದರ ಅರ್ಥ ಹುಡುಕಬಲ್ಲ ನಾವು ಕೆಡಿಸಬಾರದು.

ಗೆಳೆಯರ ಗುಂಪಿಗೆ ಕಳಿಸಲು ಈ ನಾಲ್ಕು ಸಾಲು ನಕಲಿಸಿಕೊಳ್ಳಿ:

"ಶಾಸನ, ವೀರಗಲ್ಲುಗಳ ಕೆಳಗೆ ನಿಧಿ ಇರುವುದಿಲ್ಲ. ಸೂರ್ಯ ಚಂದ್ರರ ಚಿತ್ರ ದಾನದ ಗುರುತು, ನಿಧಿಯ ಗುರುತಲ್ಲ. ಹಳೆಯ ಬಂಡೆಯ ಮೇಲೆ ಹೆಸರು ಗೀಚಬೇಡಿ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಅಗೆಯುವವರು ಕಂಡರೆ 112ಕ್ಕೆ ಕರೆ ಮಾಡಿ."